ಸೌತ್‌ಹಾಲ್‌ನ ಅಂಗಡಿಗಳೂ ಕಸದ ಅಳತೆಯೂ

ವ್ಯಾಪಾರದ ಕಸವನ್ನು ನಿಭಾಯಿಸುವ ಕ್ರಮವನ್ನು ಇಂಗ್ಲೆಂಡಿನ 2011ರ ನಿಯಮಾವಳಿ ಸ್ಪಷ್ಟವಾಗಿ ಹೇಳುತ್ತದೆ: ಮೊದಲು ಕಸವೇ ಆಗದಂತೆ ತಡೆಯಬೇಕು, ಆಮೇಲೆ ಮರುಬಳಕೆ, ನಂತರ ಮರುಸಂಸ್ಕರಣೆ, ಹೂಳುವುದು ಕಟ್ಟಕಡೆಗೆ. 2025ರ ಮಾರ್ಚ್ 31ರಂದು ಜಾರಿಗೆ ಬಂದ ‘ಸಿಂಪ್ಲರ್ ರೀಸೈಕ್ಲಿಂಗ್’ ನಿಯಮದ ಪ್ರಕಾರ, 10 ಅಥವಾ ಅದಕ್ಕಿಂತ ಹೆಚ್ಚು ಪೂರ್ಣಾವಧಿ ನೌಕರರಿಗೆ ಸಮನಾದ ಸಿಬ್ಬಂದಿ ಇರುವ ಸಂಸ್ಥೆಗಳು ಆಹಾರದ ಕಸವನ್ನೂ ಕಾಗದ, ರಟ್ಟು, ಪ್ಲಾಸ್ಟಿಕ್, ಲೋಹ, ಗಾಜುಗಳನ್ನೂ ಉಳಿದ ಕಸದೊಂದಿಗೆ ಬೆರೆಸದೆ ಬೇರ್ಪಡಿಸಿ ಕೊಡಲೇಬೇಕು.

ಉದ್ದೇಶ ಒಳ್ಳೆಯದು, ಅಳತೆಗೋಲು ತಪ್ಪು. ಪಶ್ಚಿಮ ಲಂಡನ್ನಿನ ಸೌತ್‌ಹಾಲ್ ಬ್ರಾಡ್‌ವೇಯಲ್ಲಿ ಇದು ಎದ್ದು ಕಾಣುತ್ತದೆ. ಅಲ್ಲಿನದು ಜಿಲೇಬಿ, ಸಮೋಸ, ಸೊಪ್ಪು, ತರಕಾರಿಗಳ ವ್ಯಾಪಾರ. ಎಂಟು ಜನ ದುಡಿಯುವ ಒಂದು ಮಿಠಾಯಿ ಅಂಗಡಿಯನ್ನು ಊಹಿಸಿಕೊಳ್ಳಬಹುದು: ಸಂಜೆಗೆ ತಣ್ಣಗಾಗಿ ಮೆತ್ತಗಾದ ಸಮೋಸದ ತಟ್ಟೆ, ಬುಡದಲ್ಲಿ ಕೊಳೆಯತೊಡಗಿದ ಕೊತ್ತಂಬರಿ ಕಟ್ಟು, ಕಪ್ಪಿಟ್ಟ ಕರಿದೆಣ್ಣೆಯ ಡಬ್ಬ. ನಿಯಮ ಈ ಅಂಗಡಿಯನ್ನು ಸದ್ಯಕ್ಕೆ ಬಿಟ್ಟಿದೆ. ಕಾಗದ ಬಿಟ್ಟರೆ ಹೆಚ್ಚೇನೂ ಎಸೆಯದ, ಇಪ್ಪತ್ತು ಗುಮಾಸ್ತರ ಕಚೇರಿಯನ್ನು ಮಾತ್ರ ಹಿಡಿದಿದೆ. ಕಸ ಹುಟ್ಟುವುದು ಸರಕಿನಿಂದ, ಹಾಜರಿ ಪುಸ್ತಕದಿಂದಲ್ಲ. ಬ್ರಿಟನ್ನಿನದೇ ಭಾಗಗಳಾದ ಸ್ಕಾಟ್ಲೆಂಡ್ ಮತ್ತು ವೇಲ್ಸ್ ಆಹಾರದ ಕಸವನ್ನು ತೂಕದಿಂದಲೇ ಅಳೆಯುತ್ತವೆ. ವಾರಕ್ಕೆ 5 ಕಿಲೋ ಅಲ್ಲಿನ ಗಡಿ. ಭಾರತದ 2016ರ ಘನತ್ಯಾಜ್ಯ ನಿಯಮಗಳೂ ದೊಡ್ಡ ಉತ್ಪಾದಕರನ್ನು ಗುರುತಿಸಿದ್ದು ದಿನಕ್ಕೆ 100 ಕಿಲೋ ಎಂಬ ತೂಕದಿಂದ.

ಎರಡನೆಯ ಕೊರತೆ ಇನ್ನೂ ದೊಡ್ಡದು. ಬೇರ್ಪಡಿಸಿದ ಮಾತ್ರಕ್ಕೆ ಕಸ ಕಡಿಮೆಯಾಗುವುದಿಲ್ಲ. ತಡೆಯುವ ಕೆಲಸ ಬಾಣಲೆಯ ಹತ್ತಿರವೇ ಶುರುವಾಗಬೇಕು: ಯಾವ ದಿನ ಏನು ಎಷ್ಟು ಉಳಿಯಿತೆಂದು ಬರೆದಿಟ್ಟು ಮರುವಾರದ ಹಿಟ್ಟನ್ನು ಅದರಂತೆ ಕಲಸುವುದು, ಗಿರಾಕಿ ಬಂದಂತೆ ಸ್ವಲ್ಪಸ್ವಲ್ಪವೇ ಕರಿಯುವುದು, ಹಳೆಯ ದಾಸ್ತಾನನ್ನು ಮುಂದಿಟ್ಟು ಮೊದಲು ಮಾರುವುದು. ಇದಕ್ಕೆ ಬೇಕಾದದ್ದು ಒಂದು ತಕ್ಕಡಿ, ಒಂದು ನೋಟುಪುಸ್ತಕ.

ಈ ಪದ್ಧತಿಯ ಮಾದರಿ ಊರಿನಲ್ಲೇ ಇದೆ. 2003ರಲ್ಲಿ ಹ್ಯಾವ್‌ಲಾಕ್ ರಸ್ತೆಯಲ್ಲಿ ಹೊಸ ಕಟ್ಟಡ ತೆರೆದ ಶ್ರೀ ಗುರು ಸಿಂಗ್ ಸಭಾ ಗುರುದ್ವಾರದಲ್ಲಿ ಎಲ್ಲರಿಗೂ ಲಂಗರ್ ಊಟ ಉಚಿತ. ಲಂಗರಿನ ಸಂಪ್ರದಾಯ ಕನ್ನಡಿಗರ ಪಂಕ್ತಿಭೋಜನಕ್ಕೆ ಹತ್ತಿರದ್ದು: ಸ್ವಲ್ಪ ಬಡಿಸಿ ಮತ್ತೆ ಕೇಳಿ ಬಡಿಸುವುದು, ಹಾಕಿಸಿಕೊಂಡದ್ದನ್ನು ಚೆಲ್ಲದಿರುವುದು. ತಟ್ಟೆ ತುಂಬಿಸಿ ಕೊಡುವ ಹೋಟೆಲುಗಳು ಇದನ್ನು ಅನುಸರಿಸಲು ಯಾವ ಕಾನೂನಿಗೂ ಕಾಯಬೇಕಿಲ್ಲ.

10ಕ್ಕಿಂತ ಕಡಿಮೆ ನೌಕರರಿರುವ ಅಂಗಡಿಗಳಿಗೆ ಕೊಟ್ಟಿರುವ ಗಡುವು 2027ರ ಮಾರ್ಚ್ 31.