ತೂತು ಬಿಡಿ, ಅಂಚು ನೋಡಿ

ಮಂಗಳೂರಿನ ಅಂಗಡಿಗಳಲ್ಲಿ ಬ್ರೋಗ್ ಶೂ ಕೇಳಿಕೊಂಡು ಬರುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಶೂ ಕೈಗೆತ್ತಿಕೊಂಡ ಕೂಡಲೇ ಅವರ ಕಣ್ಣು ಹೋಗುವುದು ಮೂತಿಯ ಮೇಲಿನ ತೂತುಗಳ ಚಿತ್ತಾರಕ್ಕೆ. ತೂತು ಹೆಚ್ಚಾದಷ್ಟೂ ಶೂ ಒಳ್ಳೆಯದು ಎಂದು ನಂಬಿಕೊಂಡು, ಫೋಟೊ ತೆಗೆದು ಮನೆಯವರಿಗೆ ಕಳಿಸಿ, ‘ಹಗುರ ಉಂಟಲ್ಲ?’ ಎಂದು ಒಂದು ಮಾತು ಕೇಳಿ ಬಿಲ್ ಮಾಡಿಸುತ್ತಾರೆ. ಶೂವನ್ನು ಮಗುಚಿ ಅಡಿ ನೋಡುವವರು, ಅಂಚಿನುದ್ದಕ್ಕೂ ಬೆರಳಾಡಿಸುವವರು ಬಲು ಅಪರೂಪ. ಸಂಗೀತ ಕಛೇರಿಗೆ ಹೋಗಿ ವಿದ್ವಾಂಸರ ಶಾಲು ಹೊಗಳಿ ಬರುವವರಿಗೂ ಇವರಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ತೂತಿನ ಕತೆ ಚಿಕ್ಕದು. ಐರ್ಲೆಂಡ್, ಸ್ಕಾಟ್ಲೆಂಡಿನ ಜವುಗು ನೆಲದಲ್ಲಿ ನಡೆಯುವವರು ಒಳಹೊಕ್ಕ ನೀರು ಹರಿದುಹೋಗಲೆಂದು ಹಸಿ ಚರ್ಮದ ಮೆಟ್ಟಿಗೆ ತೂತು ಮಾಡುತ್ತಿದ್ದರಂತೆ. ಈಗಿನ ತೂತುಗಳ ಕೆಳಗೆ ಅಸ್ತರಿನ ಚರ್ಮ ಇರುತ್ತದೆ, ಅವು ಬರೀ ಅಲಂಕಾರ. ಹೊಲ, ಕಾಡು, ಬೇಟೆಯ ಈ ಶೂವನ್ನು ಇಂಗ್ಲೆಂಡಿನ ಯುವರಾಜ ಎಡ್ವರ್ಡ್, ಮುಂದೆ ವಿಂಡ್ಸರಿನ ಡ್ಯೂಕ್ ಆದವರು, ಗಾಲ್ಫ್ ಮೈದಾನದಲ್ಲಿ ಹಾಕಿ ಮೆರೆಸಿದ ಮೇಲೆ ಅದಕ್ಕೆ ಪೇಟೆಯಲ್ಲೂ ಮಾನ ಬಂತು. ಆದರೆ ಹುಟ್ಟಿದ್ದು ಒದ್ದೆ ನೆಲಕ್ಕೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಹೊಡೆಯುವ, ಕೆಂಪು ಮುರಕಲ್ಲಿನ ರಾಡಿ ಹರಿಯುವ, ಹಂಪನಕಟ್ಟೆಯಿಂದ ಬಲ್ಮಠಕ್ಕೆ ಏರು ಹತ್ತಿಸುವ ನಮ್ಮ ಊರಿಗೆ ಇದಕ್ಕಿಂತ ಒಗ್ಗುವ ಆಫೀಸ್ ಶೂ ನನಗೆ ಗೊತ್ತಿಲ್ಲ. ನಾನು ಹೇಳುತ್ತಿರುವುದು ದಪ್ಪ ಚರ್ಮದ, ದಪ್ಪ ಅಡಿಯ ಕಂಟ್ರಿ ಬ್ರೋಗ್. ತೆಳು ಸೋಲಿನ, ಕನ್ನಡಿಯಂತೆ ಮಿನುಗುವ ಮಾಲು ಬೇರೆ ಜಾತಿಯದು.

ಈಗ ಅಂಚಿಗೆ ಬನ್ನಿ. ಮೇಲಿನ ಚರ್ಮ ಅಡಿಗೆ ಸೇರುವ ಜಾಗದಲ್ಲೇ ಶೂವಿನ ಜೀವ ಇರುವುದು. ಒಳ್ಳೆಯ ಕಂಟ್ರಿ ಬ್ರೋಗಿನಲ್ಲಿ ಅಲ್ಲಿ ಸಣ್ಣದೊಂದು ಚರ್ಮದ ಪಟ್ಟಿ ಸುತ್ತುವರಿದಿರುತ್ತದೆ. ಅದಕ್ಕೆ ವೆಲ್ಟ್ ಎನ್ನುತ್ತಾರೆ. ಒಂದು ಹೊಲಿಗೆ ಪಟ್ಟಿಯನ್ನು ಮೇಲಿನ ಚರ್ಮಕ್ಕೂ ಒಳಅಡಿಯ ಉಬ್ಬಿದ ಏಣಿಗೂ ಬಿಗಿಯುತ್ತದೆ, ಇದು ಹೊರಗೆ ಕಾಣುವುದಿಲ್ಲ. ಇನ್ನೊಂದು ಹೊಲಿಗೆ ಅದೇ ಪಟ್ಟಿಯನ್ನು ಸೋಲಿಗೆ ಬಿಗಿಯುತ್ತದೆ, ನಮ್ಮ ಕಣ್ಣಿಗೆ ಬೀಳುವುದು ಇದು. ಹೀಗಾಗಿ ಸೋಲಿನ ಹೊಲಿಗೆ ಪಾದದ ಕೆಳಗೆ ಹಾದುಹೋಗುವುದೇ ಇಲ್ಲ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದ ಹೊಂಡದಲ್ಲಿ ಕಾಲಿಟ್ಟಾಗ ಆ ಹೊಲಿಗೆಯ ತೂತಿನಲ್ಲಿ ನೀರು ಏರಿದರೂ ಪಟ್ಟಿಯವರೆಗೆ ಏರುತ್ತದೆ, ಕಾಲುಚೀಲಕ್ಕೆ ದಾಟುವುದಿಲ್ಲ. ಸೋಲನ್ನು ನೇರ ಒಳಅಡಿಗೇ ಹೊಲಿಯುವ ಬ್ಲೇಕ್ ಎಂಬ ಇನ್ನೊಂದು ವಿಧಾನ ಇದೆ. ನೋಡಲು ಚೆಂದ, ಬೇಗ ಬಳುಕುತ್ತದೆ, ಆದರೆ ನೀರು ಅದೇ ನೂಲು ಹಿಡಿದು ಮೇಲೆ ಬರುತ್ತದೆ. ಕರಾವಳಿಗೆ ಅದು ಬೇಡ.

ಕೈಯಿಂದಲೇ ನಡೆಯುತ್ತಿದ್ದ ವೆಲ್ಟ್ ಹೊಲಿಗೆಯನ್ನು 19ನೇ ಶತಮಾನದ ಉತ್ತರಾರ್ಧದಲ್ಲಿ ಯಂತ್ರಕ್ಕೆ ಒಗ್ಗಿಸಿದವರು ಚಾರ್ಲ್ಸ್ ಗುಡ್‌ಇಯರ್ ಜೂನಿಯರ್. ರಬ್ಬರನ್ನು ಗಂಧಕದ ಜತೆ ಕಾಯಿಸಿ ಗಟ್ಟಿಗೊಳಿಸಿದ ಗುಡ್‌ಇಯರ್ ಅವರ ಮಗ. ಒಳಅಡಿಗೂ ಸೋಲಿಗೂ ನಡುವೆ ಉಳಿಯುವ ಟೊಳ್ಳಿನಲ್ಲಿ ಕಾರ್ಕ್ ತುಂಬುತ್ತಾರೆ. ದಿನವೂ ಮೈಭಾರ ಬಿದ್ದು ಆ ಕಾರ್ಕ್ ನಿಮ್ಮ ಪಾದದ ಆಕಾರಕ್ಕೇ ತಗ್ಗುತ್ತದೆ. ಅಂಗಡಿಯಲ್ಲಿ ಮೆತ್ತಗೆ ತಾಗುವ ಸ್ಪಂಜು ಕೆಲವೇ ತಿಂಗಳಲ್ಲಿ ಚಪ್ಪಟೆಯಾಗಿ ಹೋಗುತ್ತದೆ, ಕಾರ್ಕಿನ ಸುಖ ಆಮೇಲೆಯೇ ಶುರುವಾಗುವುದು. ಹಳ್ಳಿಯ ನೆಲಕ್ಕೆಂದೇ ಮಾಡಿದ ಬ್ರೋಗುಗಳಲ್ಲಿ ಪಟ್ಟಿಯ ಒಳಬದಿ ಏರಿ ನಿಂತು ಸಂದಿಯನ್ನು ಮುಚ್ಚಿಕೊಂಡಿರುತ್ತದೆ, ಅದು ಸ್ಟಾರ್ಮ್ ವೆಲ್ಟ್. ಸಿಕ್ಕಿದರೆ ಬಿಡಬೇಡಿ.

ನನಗೆ ಈ ಹುಚ್ಚು ಹಿಡಿದದ್ದು ಹಂಪನಕಟ್ಟೆಯ ರಸ್ತೆ ಬದಿಯಲ್ಲಿ. ಚಿಕ್ಕಮಗಳೂರು ಕಡೆಯ ಕಾಫಿ ತೋಟದವರೊಬ್ಬರು ತಮ್ಮ ತಂದೆಯ ಕಂದು ಬ್ರೋಗನ್ನು ರಿಪೇರಿಗೆ ತಂದಿದ್ದರು. ರಿಪೇರಿಯವರು ಚೂರಿಯ ತುದಿಯಿಂದ ಅಂಚಿನ ನೂಲು ಕತ್ತರಿಸಿ ಸವೆದ ಸೋಲನ್ನು ಎಬ್ಬಿಸಿದರು. ಒಳಗೆ ಕಪ್ಪಾದ ಕಾರ್ಕಿನ ಮೇಲೆ ಪಾದದ ಭಾರ ಬಿದ್ದ ಗುರುತು ಎದ್ದು ಕಾಣುತ್ತಿತ್ತು. ವೆಲ್ಟ್ ಒಂದಿಷ್ಟೂ ಕದಲಿರಲಿಲ್ಲ. ಹಳೆಯ ತೂತುಗಳಲ್ಲೇ ಮೇಣ ಹಚ್ಚಿದ ನೂಲು ಹಾಯಿಸಿ ಹೊಸ ಸೋಲ್ ಕೂರಿಸಿದರು. ಅಪ್ಪ ಹಾಕಿದ ಶೂ ಮಗನ ಕಾಲಿಗೇರಿ ಎದ್ದು ಹೋಯಿತು. ಶೂ ಎಂದರೆ ಸವೆದ ಮೇಲೆ ಬಿಸಾಡುವ ಮಾಲು ಎಂದುಕೊಂಡಿದ್ದ ನಾನು ಅಲ್ಲೇ ಕೂತು ಅಷ್ಟೂ ಕೆಲಸ ನೋಡಿದೆ.

ಅಂಚಿಗೆ ಬೆಲೆ ಇದೆ ಎಂದು ಗೊತ್ತಾದ ಮೇಲೆ ಮಾರುಕಟ್ಟೆ ಸುಳ್ಳು ಅಂಚನ್ನೂ ಮಾಡಿತು. ಹೊಲಿಗೆಯ ಗೆರೆ ಒತ್ತಿದ ರಬ್ಬರ್ ಪಟ್ಟಿಯನ್ನು ಸುತ್ತ ಅಂಟಿಸಿ ಬಿಡುತ್ತಾರೆ. ಉಗುರಿನಿಂದ ಗೀರಿ ನೋಡಿ, ನೂಲು ನೂಲಿನಂತೆ ಎದ್ದು ಬರಬೇಕು. ಶೂವನ್ನು ಮಗುಚಿ, ಅಡಿಯಲ್ಲೂ ಅದೇ ಅಂತರದ ಹೊಲಿಗೆ ಇದೆಯೇ ನೋಡಿ. ಕೆಲವು ಒಳ್ಳೆಯ ಶೂಗಳಲ್ಲಿ ಅಡಿಯ ಹೊಲಿಗೆಯನ್ನು ಸೀಳಿನೊಳಗೆ ಮುಚ್ಚಿರುತ್ತಾರೆ. ಆಗ ಅಂಗಡಿಯವರನ್ನು ನೇರ ಕೇಳಿ: ಸೋಲ್ ಬಿಚ್ಚಿ ಬದಲಾಯಿಸಬಹುದಾ? ತಡವರಿಸಿದರೆ ಶೂ ಕೆಳಗಿಡಿ.

ಇನ್ನು ಪಾಲಿಯುರೆಥೇನ್ ಸೋಲ್, ಅಂಗಡಿಯವರು ಪಿಯು ಎನ್ನುವುದು. ‘ಹಗುರ ಉಂಟಲ್ಲ?’ ಎಂದವರಿಗೆಲ್ಲ ಸಿಗುವುದು ಇದೇ. ಗಾಳಿಯ ತೇವ ಒಳಹೊಕ್ಕು ಅದರ ಅಣುಗಳ ಬಂಧವನ್ನೇ ಕಡಿಯುತ್ತದೆ. ಶೂ ಹಾಕದೆ ಪೆಟ್ಟಿಗೆಯಲ್ಲಿಟ್ಟರೂ ಈ ಕೆಲಸ ನಿಲ್ಲುವುದಿಲ್ಲ, ನಮ್ಮ ಊರಿನ ಸೆಕೆಯಲ್ಲಿ ಇನ್ನಷ್ಟು ಬೇಗ. ಮಿಲಾಗ್ರಿಸ್ ಹಾಲಿನ ಮದುವೆಯೊಂದರಲ್ಲಿ ಸೂಟು ತೊಟ್ಟ ಯುವಕನ ಸೋಲ್ ಕುಣಿತದ ನಡುವೆ ಪುಡಿಪುಡಿಯಾಗಿ ನೆಲಕ್ಕೆ ಉದುರಿದ್ದನ್ನು ಕಂಡಿದ್ದೇನೆ. ನೀಲಿ ಸೋಲಿನ, ಚೂಪು ಮೂತಿಯ, ಲೇಸರಿನಿಂದ ತೂತು ಕೊರೆದ ಶೂ. ಅದೇ ಸಂಜೆ ಮುಂಬಯಿಯಿಂದ ಬಂದಿದ್ದ ವೃದ್ಧರೊಬ್ಬರು ಹಳೆಯ ಫುಲ್ ಬ್ರೋಗ್ ಹಾಕಿಕೊಂಡು ಬ್ಯಾಂಡ್ ಮುಗಿಯುವವರೆಗೆ ಹೆಂಡತಿಯ ಜತೆ ಕುಣಿದರು. ಗಾಢವಾಗಿ ಹೊಳೆಯುವ ಕಂದು ಬಣ್ಣ, ಮಡಿಕೆಯಲ್ಲೂ ಒಡೆಯದ ಚರ್ಮ, ನೆಲಕ್ಕೆ ತಾಗುವಾಗಿನ ಆ ಗಟ್ಟಿ ಸದ್ದು. ಸಭೆಯಲ್ಲಿ ಅಷ್ಟು ಸೊಗಸಿನ ಇನ್ನೊಂದು ವಸ್ತು ಇರಲಿಲ್ಲ. ಪಿಯು ಬೇಡ, ಸೋಲ್ ರಬ್ಬರಿನದ್ದೇ ಇರಲಿ. ಆಳ ಹಲ್ಲಿನ ರಬ್ಬರ್ ಸೋಲನ್ನು ಇಟಲಿಯ ವಿಟಾಲೆ ಬ್ರಮಾನಿ 1937ರಲ್ಲಿ ಪರ್ವತ ಹತ್ತುವವರಿಗಾಗಿ ತಂದರು, ಪಾಚಿಗಟ್ಟಿದ ನಮ್ಮ ಮೆಟ್ಟಿಲುಗಳಿಗೂ ಅದು ಸಾಕು.

ಅಳತೆ ಸಂಜೆ ಮಾಡಿಸಿ, ಆಗ ಪಾದ ಉಬ್ಬಿರುತ್ತದೆ. ಆಫೀಸಿಗೆ ಹಾಕುವ ಕಾಲುಚೀಲವೇ ಇರಲಿ. ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021-22ರಲ್ಲಿ ದೇಶದಾದ್ಯಂತ ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದಾಗ ನಮ್ಮವರ ಪಾದ ಯುರೋಪಿನವರದಕ್ಕಿಂತ ಅಗಲ ಎಂದೇ ಕಂಡಿತು. ಹಾಗಾಗಿ ಉದ್ದ ಸರಿ ಬಂತೆಂದು ಸುಮ್ಮನಾಗಬೇಡಿ. ಕಿರುಬೆರಳು ಒತ್ತಿದರೆ ದೊಡ್ಡ ನಂಬರಿಗೆ ಹಾರುವ ಬದಲು ಅಗಲದ ಅಚ್ಚಿನ ಶೂ ಕೇಳಿ. ಲೇಸಿನ ಎರಡು ಕಿವಿಗಳು ಬಿಚ್ಚಿ ತೆರೆಯುವ ಡರ್ಬಿ ಮಾದರಿಯೇ ಬೇಕು, ಎತ್ತರದ ಪಾದಕ್ಕೂ ಅದು ಜಾಗ ಕೊಡುತ್ತದೆ. ಹೊಸದರಲ್ಲಿ ಹಿಮ್ಮಡಿ ತುಸು ಜಾರಿದರೆ ಹೆದರಬೇಡಿ, ಸೋಲ್ ಬಳುಕತೊಡಗಿದ ಮೇಲೆ ನಿಲ್ಲುತ್ತದೆ. ಬಣ್ಣ ಕಂದು. ಚರ್ಮ ಕಾಳುಕಾಳಾಗಿದ್ದರೆ ಗೀರು ಕಾಣುವುದಿಲ್ಲ, ಕೆಮ್ಮಣ್ಣೂ ಬೇಗ ಒರಸಿ ಹೋಗುತ್ತದೆ. ಆಂಬೂರು, ರಾಣಿಪೇಟೆ, ಆಗ್ರಾಗಳಲ್ಲಿ ವಿದೇಶಕ್ಕೆ ವೆಲ್ಟ್ ಶೂ ಹೊಲಿಯುವ ಕೈಗಳಿವೆ, ಇಂಗ್ಲೆಂಡಿನಿಂದ ತರಿಸಬೇಕಾಗಿಲ್ಲ. ಅಂಟಿನ ಶೂಗಿಂತ ಬೆಲೆ ಕೆಲವು ಪಟ್ಟು ಹೆಚ್ಚು, ಕೊಡಿ.

ನೆನೆದ ಶೂವನ್ನು ಬಚ್ಚಲೊಲೆಯ ಹತ್ತಿರ ಇಡಬೇಡಿ, ಚರ್ಮ ಸಿಡಿಯುತ್ತದೆ. ಒಳಗೆ ಪೇಪರ್ ತುರುಕಿ ಫ್ಯಾನಿನಡಿ ಒಣಗಿಸಿ, ಮರುದಿನ ಇನ್ನೊಂದು ಜೋಡಿ ಹಾಕಿ. ಆಟಿ ತಿಂಗಳ ಮಳೆಯಲ್ಲಿ ಕಪಾಟಿನೊಳಗೆ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ, ಗಾಳಿಗೆ ಇಡಿ. ಪ್ರತಿ ವರ್ಷ ಪತ್ತನಾಜೆಗೆ ಮೊದಲು, ಮಳೆ ಕಾಲಿಡುವ ಮುಂಚೆ, ಅಂಚಿಗೆ ಮೇಣದ ಪಾಲಿಶು ತಿಕ್ಕಿ. ಸೋಲ್ ತೆಳ್ಳಗಾಗಿದ್ದರೆ ಹೊಲಿಯುವವರ ಕೈಗೆ ಕೊಡಿ. ಅಂಟು ಹಚ್ಚಿ ಕೊಡುತ್ತೇನೆ ಎಂದರೆ ಶೂವನ್ನು ವಾಪಸು ತನ್ನಿ.