ನಿಘಂಟಿನ ಕೊನೆಯಲ್ಲೊಂದು ಊರು

ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ, ಲಾಸ್ ವೇಗಸ್‌ಗೆ ಹೋಗುವ ಹೆದ್ದಾರಿಯ ಮೇಲೆ ‘ಜೈಜಿಕ್ಸ್’ ಎಂಬ ಫಲಕವಿದೆ. ಆ ಹೆಸರಿನ ಐದು ಇಂಗ್ಲಿಷ್ ಅಕ್ಷರಗಳಲ್ಲಿ ಮೂರು ಜೆಡ್. 1944ರಲ್ಲಿ ಕರ್ಟಿಸ್ ಹೋವ್ ಸ್ಪ್ರಿಂಗರ್ ಎಂಬ ರೇಡಿಯೋ ಪ್ರವಚನಕಾರ ಗಣಿಗಾರಿಕೆಯ ಹಕ್ಕು ಕೇಳಿ ಈ ಜಾಗ ಹಿಡಿದ, ಆರೋಗ್ಯಧಾಮ ಕಟ್ಟಿದ. ಇಂಗ್ಲಿಷ್ ನಿಘಂಟಿನ ಕಟ್ಟಕಡೆಯ ಪದವಾಗಲೆಂದೇ ಈ ಹೆಸರು ಹುಟ್ಟಿಸಿದ. ಆರೋಗ್ಯದ ವಿಷಯದಲ್ಲಿ ಕೊನೆಯ ಮಾತು ತನ್ನದು ಎಂಬುದು ಅದರ ಧ್ವನಿ. ವೈದ್ಯನೆಂದು ಹೇಳಿಕೊಳ್ಳುತ್ತಿದ್ದ, ಆಗಿರಲಿಲ್ಲ.

ಹೆಸರಿನ ಚಮತ್ಕಾರಕ್ಕೆ ಮನಸೋತು ಅವನನ್ನು ಕ್ಷಮಿಸಿಬಿಡುವ ಬರಹಗಳೇ ಹೆಚ್ಚು. ನಾನು ಅದನ್ನು ಕನ್ನಡದಲ್ಲಿ ಬರೆದು ನೋಡಿದೆ. ‘ಜ’ ಚವರ್ಗದ ಮೂರನೆಯ ಅಕ್ಷರ. ಕಟ್ಟಕಡೆಯ ಪದ ನಮ್ಮ ನಿಘಂಟಿನ ನಡುವೆಲ್ಲೋ ಬಂದು ಕೂತಿತು! ಚಮತ್ಕಾರ ಉದುರಿದ ಮೇಲೆ ಉಳಿಯುವುದು ಬಾಯ್ಲರಿನಲ್ಲಿ ಕಾಯಿಸಿದ ‘ಬಿಸಿನೀರಿನ ಬುಗ್ಗೆ’, ಮತ್ತು ಲಾಸ್ ಏಂಜಲೀಸಿನ ಸ್ಕಿಡ್ ರೋ ಬೀದಿಗಳಿಂದ ಕರೆತಂದ ನಿರ್ಗತಿಕರ ದುಡಿಮೆ. ಆ ಕೈಗಳು ಎಬ್ಬಿಸಿದ ಊರಿನ ಬೀದಿಗೆ ಅವನಿಟ್ಟ ಹೆಸರು ‘ಕನಸುಗಳ ರಾಜಬೀದಿ’. ಇಂಥ ಕಥನವನ್ನು ಓದುವಾಗ ನಗು ಬರುವುದು ಸಹಜ, ಆದರೆ ದುಡಿದವರನ್ನು ಬಿಟ್ಟು ನಗುವ ಓದು ನನಗೆ ಒಪ್ಪಿಗೆಯಿಲ್ಲ.

ಮೊದಲು ಅದು ಸೋಡಾ ಸ್ಪ್ರಿಂಗ್ಸ್, ಒಣಗಿದ ಸೋಡಾ ಸರೋವರದ ಅಂಚಿನ ಚಿಲುಮೆ. ಇದ್ದದ್ದನ್ನು ಇದ್ದಂತೆ ಹೇಳುವ ಹೆಸರು; ಗದ್ಯವೆಂದರೆ ನನಗೆ ಅದೇ.

1974ರಲ್ಲಿ ಸರ್ಕಾರ ಸ್ಪ್ರಿಂಗರನನ್ನು ಒಕ್ಕಲೆಬ್ಬಿಸಿತು. ಈಗ ಅಲ್ಲಿರುವುದು ವಿಶ್ವವಿದ್ಯಾಲಯದ ಮರುಭೂಮಿ ಅಧ್ಯಯನ ಕೇಂದ್ರ. ಅವನ ಕಾಲದಲ್ಲಿ ತೋಡಿದ ಕೊಳದಲ್ಲಿ ಅಳಿವಿನಂಚಿನ ‘ಮೊಹಾವಿ ಟುಯಿ ಚಬ್’ ಮೀನುಗಳು ಬದುಕಿವೆ.