ಉಲ್ಲೇಖಗಳನ್ನು ಎಣಿಸಿದರೆ ವಿಜ್ಞಾನವನ್ನು ಅಳೆದಂತಾಯಿತೆ?

ಒಂದು ಸಂಶೋಧನ ಪತ್ರಿಕೆಯ ಗುಣಮಟ್ಟ ಒಂದೇ ವರ್ಷದಲ್ಲಿ ಇಪ್ಪತ್ತನಾಲ್ಕು ಪಟ್ಟು ಹೆಚ್ಚಲು ಸಾಧ್ಯವೆ? ಎರಡು ವರ್ಷಗಳ ನಂತರ ಅದು ಮೊದಲಿನ ಮಟ್ಟಕ್ಕೇ ಇಳಿಯಲು ಸಾಧ್ಯವೆ? ಸಾಧ್ಯವಿಲ್ಲವೆಂದೇ ನೀವು ಹೇಳುವಿರಿ. ಆದರೆ ಸ್ಫಟಿಕ ವಿಜ್ಞಾನಕ್ಕೆ ಮೀಸಲಾದ 'ಆಕ್ಟ ಕ್ರಿಸ್ಟಲೋಗ್ರಫಿಕ' ಪತ್ರಿಕೆಯ 'ಎ' ವಿಭಾಗಕ್ಕೆ ಹೀಗೇ ಆಯಿತು. ಅದರ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಪ್ರಭಾವಾಂಕ, 2008ರಲ್ಲಿ 2.051 ಇದ್ದದ್ದು 2009ರಲ್ಲಿ 49.926ಕ್ಕೆ ಜಿಗಿಯಿತು. 2010ರಲ್ಲಿ 54.333 ಆಯಿತು. 2011ರಲ್ಲಿ ಮತ್ತೆ 2.076ಕ್ಕೆ ಇಳಿಯಿತು.

ಕಾರಣ ಒಂದೇ ಒಂದು ಪ್ರಬಂಧ. ಸ್ಫಟಿಕಗಳ ರಚನೆಯನ್ನು ಬಿಡಿಸಲು ಬಳಸುವ 'ಶೆಲ್ಎಕ್ಸ್' ಎಂಬ ಕಂಪ್ಯೂಟರ್ ಪ್ರೋಗ್ರಾಮ್‌ಗಳ ಇತಿಹಾಸವನ್ನು ಜಾರ್ಜ್ ಶೆಲ್ಡ್ರಿಕ್ 2008ರ ಜನವರಿಯಲ್ಲಿ ಈ ಪತ್ರಿಕೆಯಲ್ಲಿ ಬರೆದರು. ಪ್ರೋಗ್ರಾಮ್ ಬಳಸಿದವರು ಈ ಪ್ರಬಂಧವನ್ನು ಉಲ್ಲೇಖಿಸಬಹುದೆಂಬ ಸೂಚನೆ ಅದರಲ್ಲಿತ್ತು. ಬಳಸಿದವರು ಸಾವಿರಾರು ಮಂದಿ; ಎಲ್ಲರೂ ಉಲ್ಲೇಖಿಸಿದರು. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಪ್ರಕಟವಾದ ಇತರ ಪ್ರಬಂಧಗಳು ಇದರಿಂದ ಒಂದಿಷ್ಟೂ ಉತ್ತಮಗೊಳ್ಳಲಿಲ್ಲ, ಕೆಡಲೂ ಇಲ್ಲ. ಆದರೆ ಪ್ರಭಾವಾಂಕವನ್ನು ನೋಡಿ ಅಂಕ ಕೊಡುವ ಸಮಿತಿಯೊಂದರ ಮುಂದೆ ಅವುಗಳ ಲೇಖಕರೆಲ್ಲರೂ ದಿಢೀರನೆ ದೊಡ್ಡ ವಿಜ್ಞಾನಿಗಳಾಗಿಬಿಡುತ್ತಿದ್ದರು!

ಇದನ್ನು ತಮಾಷೆಯೆಂದು ನಕ್ಕು ಬಿಡುವಂತಿಲ್ಲ. ಅಧ್ಯಾಪಕರ ನೇಮಕ, ಬಡ್ತಿ, ಸಂಶೋಧನೆಗೆ ಧನಸಹಾಯ, ವಿಶ್ವವಿದ್ಯಾಲಯಗಳ ಶ್ರೇಣಿ ಇವೆಲ್ಲಕ್ಕೂ ಇಂಥ ಅಂಕಿಗಳನ್ನು ಬಳಸುವುದು ರೂಢಿಯಾಗಿದೆ. ಆದ್ದರಿಂದ ಈ ಅಳತೆಗೋಲು ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂಬುದನ್ನು ಅಧ್ಯಾಪಕರೂ ವಿದ್ಯಾರ್ಥಿಗಳೂ ತಿಳಿದಿರಬೇಕು.

ಗ್ರಂಥಾಲಯದಲ್ಲಿ ಹುಟ್ಟಿದ ಲೆಕ್ಕ

ಉಲ್ಲೇಖಗಳ ಎಣಿಕೆ ಶುರುವಾದದ್ದು ವಿಜ್ಞಾನಿಗಳ ಮೌಲ್ಯಮಾಪನಕ್ಕಾಗಿ ಅಲ್ಲ. 1927ರಲ್ಲಿ ಅಮೆರಿಕದ ಗ್ರಾಸ್ ಮತ್ತು ಗ್ರಾಸ್ ಎಂಬ ಇಬ್ಬರು, ಕಾಲೇಜು ಗ್ರಂಥಾಲಯವೊಂದು ಯಾವ ರಸಾಯನ ವಿಜ್ಞಾನ ಪತ್ರಿಕೆಗಳನ್ನು ತರಿಸಬೇಕೆಂದು ನಿರ್ಧರಿಸಲು, ಅಮೆರಿಕನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಯಾವ ಯಾವ ಪತ್ರಿಕೆಗಳ ಉಲ್ಲೇಖ ಎಷ್ಟೆಷ್ಟು ಬಂದಿದೆಯೆಂದು ಎಣಿಸಿದರು. ಕೈಯಲ್ಲಿರುವ ಹಣ ಕಡಿಮೆ, ಪತ್ರಿಕೆಗಳು ಹಲವು. ಹೆಚ್ಚು ಬಳಕೆಯಾಗುವುದನ್ನು ಮೊದಲು ಕೊಳ್ಳುವುದು ಜಾಣತನವೇ ಸರಿ.

1955ರಲ್ಲಿ ಯೂಜೀನ್ ಗಾರ್ಫೀಲ್ಡ್ 'ಸೈನ್ಸ್' ಪತ್ರಿಕೆಯಲ್ಲಿ ಉಲ್ಲೇಖ ಸೂಚಿಯ ಕಲ್ಪನೆಯನ್ನು ಮುಂದಿಟ್ಟರು. ಒಂದು ಹಳೆಯ ಪ್ರಬಂಧವನ್ನು ಆ ಮೇಲೆ ಯಾರು ಯಾರು ಬಳಸಿದ್ದಾರೆ, ಯಾರು ಟೀಕಿಸಿದ್ದಾರೆ ಎಂಬುದನ್ನು ಹುಡುಕಲು ಅದೊಂದು ಸಾಧನ. 1964ರಲ್ಲಿ ಅವರ ಸಂಸ್ಥೆಯ 'ಸೈನ್ಸ್ ಸೈಟೇಶನ್ ಇಂಡೆಕ್ಸ್' ಹೊರಬಂತು. 1975ರಿಂದ ಪತ್ರಿಕೆಗಳ ಪ್ರಭಾವಾಂಕಗಳ ಪಟ್ಟಿ ಪ್ರಕಟವಾಗತೊಡಗಿತು. ಸಾಹಿತ್ಯ ಹುಡುಕುವ ಸಾಧನವಾಗಿ ಉಲ್ಲೇಖ ಸೂಚಿಯ ಉಪಯೋಗ ಇಂದಿಗೂ ಪ್ರಶ್ನಾತೀತ. ತೊಂದರೆ ಬಂದದ್ದು ಪತ್ರಿಕೆಯ ಅಂಕಿಯನ್ನು ಮನುಷ್ಯನ ಹಣೆಗೆ ಅಂಟಿಸಿದಾಗ. ಬಿಡಿ ವಿಜ್ಞಾನಿಗಳ ಮೌಲ್ಯಮಾಪನಕ್ಕೆ ಪ್ರಭಾವಾಂಕವನ್ನು ಬಳಸುವ ಬಗ್ಗೆ ಗಾರ್ಫೀಲ್ಡ್ ಅವರೇ ಎಚ್ಚರಿಕೆ ಹೇಳಿದ್ದರು.

ಸರಾಸರಿ ಹೇಳದ ಮಾತು

ಪ್ರಭಾವಾಂಕದ ಲೆಕ್ಕ ಸರಳ. ಒಂದು ಪತ್ರಿಕೆ ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಬರಹಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು, ಆ ಎರಡು ವರ್ಷಗಳಲ್ಲಿ ಪ್ರಕಟವಾದ ಪ್ರಬಂಧಗಳ ಸಂಖ್ಯೆಯಿಂದ ಭಾಗಿಸಬೇಕು. ಅಂದರೆ ಇದೊಂದು ಸರಾಸರಿ.

ಒಂದು ಕಾಲ್ಪನಿಕ ಪತ್ರಿಕೆಯನ್ನು ತೆಗೆದುಕೊಳ್ಳೋಣ. ಅದು ಎರಡು ವರ್ಷಗಳಲ್ಲಿ 100 ಪ್ರಬಂಧಗಳನ್ನು ಪ್ರಕಟಿಸಿದೆ. ಮರುವರ್ಷ ಅವುಗಳಿಗೆ 250 ಉಲ್ಲೇಖಗಳು ಬಂದಿವೆ. ಪ್ರಭಾವಾಂಕ 2.5. ಈಗ ಒಳಗೆ ಇಣುಕೋಣ. ಮೂರು ಪ್ರಬಂಧಗಳಿಗೇ 150 ಉಲ್ಲೇಖಗಳು. 27 ಪ್ರಬಂಧಗಳು ಸೇರಿ 70 ಉಲ್ಲೇಖಗಳು. 30 ಪ್ರಬಂಧಗಳಿಗೆ ತಲಾ ಒಂದು. ಉಳಿದ 40 ಪ್ರಬಂಧಗಳಿಗೆ ಸೊನ್ನೆ. ಮಧ್ಯಾಂಕ ಎಷ್ಟು? ಒಂದು. ಕನಿಷ್ಠ 70 ಪ್ರಬಂಧಗಳು ಸರಾಸರಿಗಿಂತ ಕೆಳಗಿವೆ! ಸರಾಸರಿ ಮತ್ತು ಮಧ್ಯಾಂಕಗಳ ವ್ಯತ್ಯಾಸವನ್ನು ಪ್ರೌಢಶಾಲೆಯಲ್ಲೇ ಕಲಿಸುತ್ತೇವೆ. ಆದರೆ ಅಧ್ಯಾಪಕರ ಯೋಗ್ಯತೆ ಅಳೆಯುವಾಗ ಆ ಪಾಠವನ್ನು ಮರೆಯುತ್ತೇವೆ.

ನಿಜವಾದ ಪತ್ರಿಕೆಗಳಲ್ಲೂ ಇದೇ ಕಥೆ. 'ನೇಚರ್' ಪತ್ರಿಕೆಯೇ 2005ರ ಸಂಪಾದಕೀಯವೊಂದರಲ್ಲಿ, ತನ್ನ ಹಿಂದಿನ ವರ್ಷದ ಪ್ರಭಾವಾಂಕದ ಶೇಕಡ 89ರಷ್ಟು ಕೇವಲ ಶೇಕಡ 25ರಷ್ಟು ಪ್ರಬಂಧಗಳಿಂದ ಬಂದದ್ದೆಂದು ಒಪ್ಪಿಕೊಂಡಿತು. 'ನೇಚರ್‌ನಲ್ಲಿ ಬಂದಿದೆ' ಎಂಬುದು ಆ ಪ್ರಬಂಧವನ್ನು ಎಷ್ಟು ಮಂದಿ ಬಳಸಿದರೆಂಬುದನ್ನು ತಿಳಿಸುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಸಂಪಾದಕೀಯ, ಓದುಗರ ಪತ್ರ ಮುಂತಾದವುಗಳಿಗೆ ಬಂದ ಉಲ್ಲೇಖಗಳು ಅಂಶದಲ್ಲಿ ಸೇರುತ್ತವೆ. ಆದರೆ ಛೇದದಲ್ಲಿ ಆ ಬರಹಗಳನ್ನು ಎಣಿಸುವುದಿಲ್ಲ. ಯಾವುದು 'ಪ್ರಬಂಧ', ಯಾವುದು ಅಲ್ಲ ಎಂಬ ತೀರ್ಮಾನದ ಮೇಲೆ ಉತ್ತರವೇ ಬದಲಾಗುತ್ತದೆ. ಇದನ್ನು ಹೇಗೆ ತೀರ್ಮಾನಿಸುತ್ತಾರೆಂಬುದರ ಮೇಲೆ ತಮ್ಮ ಪ್ರಭಾವಾಂಕ 11ರವರೆಗೆ ಏರಲೂಬಹುದು, 3ಕ್ಕಿಂತ ಕೆಳಗಿಳಿಯಲೂಬಹುದು ಎಂದು 'ಪ್ಲೋಸ್ ಮೆಡಿಸಿನ್' ಪತ್ರಿಕೆಯ ಸಂಪಾದಕರು 2006ರಲ್ಲಿ ಬರೆದರು. ಇಷ್ಟು ಅಲುಗಾಡುವ ಸಂಖ್ಯೆಯನ್ನು ದಶಮಾಂಶದ ಮೂರು ಸ್ಥಾನಗಳವರೆಗೆ ದಶಕಗಳ ಕಾಲ ಮುದ್ರಿಸಲಾಯಿತು. 2023ರ ಪಟ್ಟಿಯಿಂದೀಚೆಗೆ ಅದು ಒಂದು ಸ್ಥಾನಕ್ಕೆ ಇಳಿದಿದೆ. ಪ್ರಯೋಗಶಾಲೆಯಲ್ಲಿ ಯಾವ ವಿದ್ಯಾರ್ಥಿಯಾದರೂ ಇಂಥ ತಪ್ಪು ಮಾಡಿದ್ದರೆ ನಾವು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದೆವು.

ಉಲ್ಲೇಖವೆಂದರೆ ಮೆಚ್ಚುಗೆಯೆ?

ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧ ಯಾವುದು ಗೊತ್ತೆ? ಸಾಪೇಕ್ಷತಾ ಸಿದ್ಧಾಂತದ್ದೂ ಅಲ್ಲ, ಡಿಎನ್‌ಎ ರಚನೆಯದೂ ಅಲ್ಲ. ದ್ರಾವಣದಲ್ಲಿರುವ ಪ್ರೋಟೀನಿನ ಪ್ರಮಾಣವನ್ನು ಕಂಡುಹಿಡಿಯುವ ವಿಧಾನದ ಬಗ್ಗೆ ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಬರೆದ ಪ್ರಬಂಧ. 2014ರಲ್ಲಿ 'ನೇಚರ್' ಮೊದಲ ನೂರು ಸ್ಥಾನಗಳ ಪಟ್ಟಿ ಮಾಡಿದಾಗ ಅದಕ್ಕೆ 3 ಲಕ್ಷಕ್ಕೂ ಹೆಚ್ಚು ಉಲ್ಲೇಖಗಳಿದ್ದವು. ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಬರೆದ ಡಿಎನ್‌ಎ ಪ್ರಬಂಧ ಆ ನೂರರಲ್ಲಿ ಇರಲೇ ಇಲ್ಲ. ಉಪಯುಕ್ತ ವಿಧಾನ ಅಗ್ಗದ ವಸ್ತುವೇನಲ್ಲ, ನಿಜ. ಆದರೆ ಎಣಿಕೆ ಅಳೆದದ್ದು ಬಳಕೆಯನ್ನು, ಮಹತ್ವವನ್ನಲ್ಲ.

ಉಲ್ಲೇಖಗಳಲ್ಲಿ ಖಂಡನೆಯೂ ಇರುತ್ತದೆ. ಎಂ.ಎಂ.ಆರ್. ಲಸಿಕೆಗೂ ಆಟಿಸಮ್‌ಗೂ ನಂಟು ಕಲ್ಪಿಸಿದ, 1998ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದ ಪ್ರಬಂಧವನ್ನು 2010ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಅದಕ್ಕೆ ಸಾವಿರಕ್ಕೂ ಹೆಚ್ಚು ಉಲ್ಲೇಖಗಳಿವೆ. ಬಹುಪಾಲು ಅದನ್ನು ಅಲ್ಲಗಳೆಯುವಂಥವು. ಯಂತ್ರದ ಎಣಿಕೆಗೆ ಹೊಗಳಿಕೆಯೂ ಒಂದು, ತೆಗಳಿಕೆಯೂ ಒಂದು.

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ಹತ್ತಿರವೇ ಇದೆ. 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ತಮ್ಮ ಹೊಸ ಶೋಧದ ವಿವರಗಳನ್ನು ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ಉಪನ್ಯಾಸವಾಗಿ ನೀಡಿದರು. ಅದು ಅಚ್ಚಾದದ್ದು ಕಲ್ಕತ್ತದಿಂದ ಹೊರಡುತ್ತಿದ್ದ, ಆಗಿನ್ನೂ ಎಳೆಯದಾದ 'ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್'ನಲ್ಲಿ. ಎರಡು ವರ್ಷಗಳಲ್ಲಿ ನೊಬೆಲ್ ಬಹುಮಾನ ಬಂತು. ಇಂದು ರಾಮನ್ ರೋಹಿತವನ್ನು ಬಳಸುವವರು ಆ ಮೂಲ ಪ್ರಬಂಧವನ್ನು ಉಲ್ಲೇಖಿಸಬೇಕಾಗಿಯೇ ಇಲ್ಲ. ಹೆಸರು ವಿಧಾನದೊಳಗೇ ಬೆರೆತುಹೋಗಿದೆ. ಜ್ಞಾನ ಎಲ್ಲರ ಸೊತ್ತಾದಷ್ಟೂ ಉಲ್ಲೇಖ ನಿಲ್ಲುತ್ತದೆ. ಎಣಿಸುವವರಿಗೆ ಇದು ಕಾಣುವುದಿಲ್ಲ.

ವಿಷಯದಿಂದ ವಿಷಯಕ್ಕೂ ರೂಢಿ ಬೇರೆ. ಅಣುಜೀವ ವಿಜ್ಞಾನದಲ್ಲಿ ಸಂಶೋಧಕರು ಬಹಳ, ಪ್ರಬಂಧದ ಕೊನೆಯ ಪಟ್ಟಿ ಉದ್ದ, ಕೆಲಸ ವೇಗ. ಗಣಿತದಲ್ಲಿ ಪಟ್ಟಿ ಚಿಕ್ಕದು. ಹತ್ತು, ಇಪ್ಪತ್ತು ವರ್ಷ ಹಳೆಯ ಪ್ರಬಂಧವೂ ಹೊಸದೇ. ಎರಡು ವರ್ಷಗಳ ಕಿಟಕಿಯಿಂದ ನೋಡಿದರೆ ಗಣಿತಜ್ಞ ಕಾಣುವುದೇ ಇಲ್ಲ.

ಎಚ್-ಸೂಚಿ

ಪತ್ರಿಕೆಯ ಸರಾಸರಿ ಬೇಡ, ವ್ಯಕ್ತಿಯ ಉಲ್ಲೇಖಗಳನ್ನೇ ಎಣಿಸೋಣ ಎಂದು ನೀವು ಕೇಳಬಹುದು. ಭೌತವಿಜ್ಞಾನಿ ಜಾರ್ಜ್ ಹಿರ್ಶ್ 2005ರಲ್ಲಿ ಇದಕ್ಕೆಂದೇ ಎಚ್-ಸೂಚಿಯನ್ನು ಸೂಚಿಸಿದರು. ತಲಾ ಕನಿಷ್ಠ ಎಚ್ ಉಲ್ಲೇಖಗಳಿರುವ ಎಚ್ ಪ್ರಬಂಧಗಳು ನಿಮ್ಮಲ್ಲಿದ್ದರೆ ನಿಮ್ಮ ಸೂಚಿ ಎಚ್.

ಸಂಶೋಧಕ 'ಅ' ಅವರ ಐದು ಪ್ರಬಂಧಗಳಿಗೆ ತಲಾ 5 ಉಲ್ಲೇಖಗಳಿವೆ. ಸೂಚಿ 5. ಸಂಶೋಧಕಿ 'ಆ' ಅವರ ಐದು ಪ್ರಬಂಧಗಳಿಗೆ 900, 300, 4, 3, 2 ಉಲ್ಲೇಖಗಳಿವೆ. ಸೂಚಿ 3. ಒಟ್ಟು 25 ಉಲ್ಲೇಖಗಳವರು ಒಟ್ಟು 1,209 ಉಲ್ಲೇಖಗಳವರಿಗಿಂತ ಮುಂದೆ! ಇದಲ್ಲದೆ, ಈ ಸೂಚಿ ವಯಸ್ಸಿನೊಂದಿಗೆ ಏರಬಹುದೇ ಹೊರತು ಇಳಿಯುವಂತಿಲ್ಲ. ಆದ್ದರಿಂದ ಕೆಲಸ ಈಗಷ್ಟೇ ಆರಂಭಿಸಿದ ತರುಣರಿಗೆ, ನಡುವೆ ಮಕ್ಕಳಿಗಾಗಿ ಬಿಡುವು ಪಡೆದ ಮಹಿಳೆಯರಿಗೆ ಇದರಿಂದ ನಷ್ಟ. 2013ರಲ್ಲಿ ನೊಬೆಲ್ ಪಡೆದ ಪೀಟರ್ ಹಿಗ್ಸ್, 1964ರ ತಮ್ಮ ಹೆಸರಾಂತ ಕೆಲಸದ ನಂತರ ತಾವು ಪ್ರಕಟಿಸಿದ್ದು ಹತ್ತಕ್ಕಿಂತ ಕಡಿಮೆ ಪ್ರಬಂಧಗಳೆಂದೂ ಇಂದಿನ ವ್ಯವಸ್ಥೆಯಲ್ಲಿ ತಮಗೆ ಕೆಲಸ ಸಿಗುತ್ತಿರಲಿಲ್ಲವೆಂದೂ ಹೇಳಿದ್ದರು.

ಅಳತೆಯೇ ಗುರಿಯಾದಾಗ

ಅಳತೆಯೊಂದು ಗುರಿಯಾದರೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ. ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿನಲ್ಲಿರುವ ಈ ನಿಯಮ ಇಲ್ಲಿ ಚೆನ್ನಾಗಿ ಅನ್ವಯಿಸುತ್ತದೆ. ಚಾಪೆ ಕೆಳಗೆ ನುಸುಳುವವರನ್ನು ತಡೆದರೆ ರಂಗೋಲಿ ಕೆಳಗೆ ನುಸುಳುವವರು ಹುಟ್ಟುತ್ತಾರೆ. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಮನಃಶಾಸ್ತ್ರ ಮತ್ತು ವಾಣಿಜ್ಯ ಶಾಖೆಗಳಲ್ಲಿ ನಡೆಸಿ 2012ರಲ್ಲಿ 'ಸೈನ್ಸ್'ನಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಉತ್ತರಿಸಿದ ಸುಮಾರು ಐವರಲ್ಲಿ ಒಬ್ಬರು, ತಮ್ಮದೇ ಪತ್ರಿಕೆಯ ಉಲ್ಲೇಖ ಸೇರಿಸುವಂತೆ ಸಂಪಾದಕರು ಒತ್ತಾಯಿಸಿದ್ದರೆಂದರು. ಬೇಲಿಯೇ ಎದ್ದು ಹೊಲ ಮೇಯ್ದಂತೆ! 2013ರಲ್ಲಿ ಬ್ರೆಜಿಲ್‌ನ ನಾಲ್ಕು ಪತ್ರಿಕೆಗಳು ಪರಸ್ಪರ ಉಲ್ಲೇಖಿಸಿಕೊಂಡು ಅಂಕ ಹೆಚ್ಚಿಸಿಕೊಂಡ ಕಾರಣಕ್ಕೆ ಪ್ರಭಾವಾಂಕದ ಪಟ್ಟಿಯಿಂದ ಅಮಾನತಾದವು. ಅತಿ ಹೆಚ್ಚು ಉಲ್ಲೇಖಿತ ಸಂಶೋಧಕರ ಪಟ್ಟಿಯನ್ನು ಪ್ರತಿವರ್ಷ ಹೊರತರುವ ಕ್ಲಾರಿವೇಟ್ ಸಂಸ್ಥೆ 2023ರಲ್ಲಿ ಗಣಿತ ವಿಭಾಗವನ್ನೇ ಕೈಬಿಟ್ಟಿತು. ಉಲ್ಲೇಖಗಳು ಕಡಿಮೆಯಿರುವ ಕ್ಷೇತ್ರದಲ್ಲಿ ನಾಲ್ಕಾರು ಮಂದಿ ಕೈಜೋಡಿಸಿದರೂ ಲೆಕ್ಕ ಏರುಪೇರಾಗುತ್ತದೆ.

ನಮ್ಮಲ್ಲಿ 2010ರ ಯು.ಜಿ.ಸಿ. ನಿಯಮಗಳು ಪ್ರಬಂಧಗಳಿಗೆ ಹೆಚ್ಚುವರಿ ಅಂಕ ಕೊಟ್ಟವು. ಪತ್ರಿಕೆಯ ಪ್ರಭಾವಾಂಕ 1ರಿಂದ 2ರ ನಡುವೆ ಇದ್ದರೆ 10, 2ರಿಂದ 5ರ ನಡುವೆ 15, 5ರಿಂದ 10ರ ನಡುವೆ 25. ಗಣಿತಕ್ಕೂ ಜೀವವಿಜ್ಞಾನಕ್ಕೂ ಒಂದೇ ತಕ್ಕಡಿ. ಬೇಡಿಕೆ ಹುಟ್ಟಿದೊಡನೆ ಪೂರೈಕೆಯೂ ಬಂತು: ಹಣ ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು, ಅವುಗಳಿಗೆ ನಕಲಿ 'ಪ್ರಭಾವಾಂಕ' ಮಾರುವ ಸಂಸ್ಥೆಗಳು. 2018ರ ಮೇ ತಿಂಗಳಲ್ಲಿ ಯು.ಜಿ.ಸಿ. ತನ್ನ ಅನುಮೋದಿತ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಬೇಕಾಯಿತು. ನಂತರ ತಂದ 'ಕೇರ್' ಪಟ್ಟಿಯನ್ನೂ 2025ರಲ್ಲಿ ಕೈಬಿಟ್ಟಿತು. ಪಟ್ಟಿ ಬದಲಾದರೂ ರೋಗ ಹೋಗಲಿಲ್ಲ; ಏಕೆಂದರೆ ರೋಗ ಇರುವುದು ಓದದೆಯೇ ಅಳೆಯುವ ಅಭ್ಯಾಸದಲ್ಲಿ.

ಇದರಿಂದ ಆಗುವ ದೊಡ್ಡ ಹಾನಿ ವಂಚಕರಿಂದಲ್ಲ, ಪ್ರಾಮಾಣಿಕರಿಂದ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಮೇಲೆ ಕೆಲಸ ಮಾಡುವವರು ಜಗತ್ತಿನಲ್ಲಿ ಕೆಲವೇ ಮಂದಿ. ಓದುವವರು ಕಡಿಮೆ, ಉಲ್ಲೇಖವೂ ಕಡಿಮೆ. ಬಡ್ತಿಯ ಚಿಂತೆಯಿರುವ ತರುಣ ಸಂಶೋಧಕ, ಮಲೆನಾಡಿನ ಉಣ್ಣೆಯನ್ನು ಬಿಟ್ಟು ಹೊರದೇಶದಲ್ಲಿ ಎಲ್ಲರೂ ಬರೆಯುತ್ತಿರುವ ವಿಷಯವನ್ನೇ ಆರಿಸಿಕೊಂಡರೆ ತಪ್ಪು ಯಾರದು? ಕಾಯಿಲೆ ಬರುವುದು ಮಾತ್ರ ಕಾಡಂಚಿನ ಜನಕ್ಕೇ.

ನಾವೇನು ಮಾಡಬಹುದು?

ಜಗತ್ತು ಸುಮ್ಮನೆ ಕುಳಿತಿಲ್ಲ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೂಪುಗೊಂಡು 2013ರಲ್ಲಿ ಪ್ರಕಟವಾದ ಘೋಷಣೆ, ನೇಮಕ ಮತ್ತು ಬಡ್ತಿಗೆ ಪತ್ರಿಕೆಯ ಪ್ರಭಾವಾಂಕವನ್ನು ಬಳಸಬಾರದೆಂದು ಸಾರಿತು. 2015ರ ಲೈಡನ್ ಪ್ರಣಾಳಿಕೆಯ ಹತ್ತು ಸೂತ್ರಗಳಲ್ಲಿ ಸ್ಥಳೀಯ ಮಹತ್ವದ ಸಂಶೋಧನೆಯನ್ನು ಕಾಪಾಡಬೇಕೆಂಬುದೂ ಒಂದು.

ಅಂಕಿಗಳನ್ನು ಕೈಬಿಟ್ಟರೆ ಶಿಫಾರಸು, ಜಾತಿ, ಪರಿಚಯಗಳು ಮೇಲೇಳುವುದಿಲ್ಲವೆ ಎಂದು ಕೆಲವರು ಕೇಳುತ್ತಾರೆ. ಆ ಭಯ ಸುಳ್ಳಲ್ಲ. ಆದರೆ ಪ್ರಭಾವಾಂಕ ಪಕ್ಷಪಾತವನ್ನು ತಡೆಯುವುದಿಲ್ಲ, ಅದಕ್ಕೆ ದಶಮಾಂಶದ ಹೊದಿಕೆ ಹೊದಿಸುತ್ತದೆ. ಅಭ್ಯರ್ಥಿ ತನ್ನ ಮೂರೋ ನಾಲ್ಕೋ ಉತ್ತಮ ಪ್ರಬಂಧಗಳನ್ನು ಕೊಡಲಿ. ಹೊರಗಿನ ತಜ್ಞರು ಅವನ್ನು ಓದಿ, ಕಾರಣಗಳನ್ನು ಬರೆದು ಸಹಿ ಮಾಡಲಿ. ಬರೆದ ಕಾರಣವನ್ನು ಪ್ರಶ್ನಿಸಬಹುದು. ಮೊತ್ತವನ್ನು ಪ್ರಶ್ನಿಸುವುದು ಕಷ್ಟ. ಉಲ್ಲೇಖಗಳ ಎಣಿಕೆ ಬೇಕಿದ್ದರೆ ಒಂದು ಸಾಕ್ಷಿಯಾಗಿ ಪಕ್ಕದಲ್ಲಿರಲಿ.

ಅಧ್ಯಾಪಕರು ತರಗತಿಯಲ್ಲೇ ಒಂದು ಪ್ರಯೋಗ ಮಾಡಬಹುದು. ಎಲ್ಲರಿಗೂ ಉಚಿತವಾಗಿ ಸಿಗುವ ಪತ್ರಿಕೆಯೊಂದರಿಂದ, ಉದಾಹರಣೆಗೆ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್'ನಿಂದ, ಒಂದು ಪ್ರಬಂಧ ಆರಿಸಿ. ಅದರಲ್ಲಿರುವ ಪ್ರತಿಯೊಂದು ಉಲ್ಲೇಖವೂ ಏಕೆ ಬಂದಿದೆಯೆಂದು ವಿದ್ಯಾರ್ಥಿಗಳು ಗುರುತಿಸಲಿ: ಆಧಾರವಾಗಿಯೆ, ವಿಧಾನಕ್ಕಾಗಿಯೆ, ಖಂಡನೆಗೆಂದೆ, ಲೇಖಕರ ಸ್ವಂತ ಹಳೆಯ ಪ್ರಬಂಧವೆ, ಬರಿಯ ಔಪಚಾರಿಕವೆ? ಪಟ್ಟಿ ಮುಗಿಯುವ ಹೊತ್ತಿಗೆ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಎಲ್ಲ ಉಲ್ಲೇಖಗಳೂ ಒಂದೇ ತೂಕದವಲ್ಲ ಎಂಬುದು ಒಂದು. ಅದನ್ನು ತಿಳಿಯಲು ಪ್ರಬಂಧವನ್ನು ಓದಲೇಬೇಕಾಯಿತು ಎಂಬುದು ಇನ್ನೊಂದು.